ಕುಸನೂರಿನ ಸಸಿಗಳೂ ನಾಬೋತನ ತೋಟವೂ

ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ನಮ್ಮ ದೇವಾಲಯಗಳ ಅಂಗಳದಲ್ಲಿ ಸಸಿ ನೆಡುವ ಸಮಾರಂಭಗಳು ಜರುಗುತ್ತವೆ. ಭಾನುವಾರದ ಬಲಿಪೂಜೆ ಮುಗಿದ ಬಳಿಕ ಗುರುಗಳು ಸಸಿಗೆ ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾರೆ, ಮಕ್ಕಳು ನೀರೆರೆಯುತ್ತಾರೆ, ಒಂದು ಛಾಯಾಚಿತ್ರವನ್ನೂ ತೆಗೆಯಲಾಗುತ್ತದೆ. ಒಳ್ಳೆಯ ಕೆಲಸವೇ, ಅದನ್ನು ಆಡಿಕೊಳ್ಳುವ ಉದ್ದೇಶ ಈ ಲೇಖನದ್ದಲ್ಲ. ಆದರೆ ಗಿಡ ನೆಡುವುದೆಂದರೆ ಎಲ್ಲ ಕಾಲಕ್ಕೂ, ಎಲ್ಲ ಕಡೆಗೂ ಪುಣ್ಯಕಾರ್ಯವೇ ಎಂಬ ನಮ್ಮ ನಂಬಿಕೆಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕಾಗಿದೆ. ಯಾವ ಗಿಡ, ಯಾರ ನೆಲದಲ್ಲಿ, ಯಾರ ಉಪಯೋಗಕ್ಕೆ? ಈ ಮೂರು ಪ್ರಶ್ನೆಗಳನ್ನು ಕೇಳದೆ ನೆಟ್ಟ ಗಿಡಗಳನ್ನು ಜನರೇ ಕಿತ್ತು ಹಾಕಬೇಕಾಗಿ ಬಂದ ಪ್ರಸಂಗವೊಂದು ನಮ್ಮ ಹಾವೇರಿ ಜಿಲ್ಲೆಯಲ್ಲೇ ನಡೆದಿದೆ. ಹತ್ತಿಮತ್ತೂರು, ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರು ಭಾಗಗಳ ನಮ್ಮ ಹಿರಿಯರಲ್ಲಿ ಕೆಲವರಿಗೆ ಅದು ನೆನಪಿದ್ದೀತು. ಕಿರಿಯರು ಕೇಳಿಯೂ ಇರಲಾರರು.

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರವು ಹರಿಹರ ಪಾಲಿಫೈಬರ್ಸ್ ಕಂಪನಿಯೊಡನೆ ಒಂದು ಒಪ್ಪಂದಕ್ಕೆ ಬಂದಿತು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ ಇರುವ ಈ ಕಾರ್ಖಾನೆ ರೇಯಾನ್ ನೂಲಿಗೆ ಬೇಕಾದ ಮರದ ತಿರುಳನ್ನು ತಯಾರಿಸುವಂಥದು. ಒಪ್ಪಂದದಂತೆ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಸರ್ಕಾರದ ಪಾಲು ಶೇಕಡಾ 51, ಕಂಪನಿಯದು 49. ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿಯನ್ನೂ ಬೇಗನೆ ಬೆಳೆಯುವ ಇತರ ಮರಗಳನ್ನೂ ಬೆಳೆಸಿ ಕಾರ್ಖಾನೆಗೆ ಒದಗಿಸುವುದೇ ಅದರ ಕೆಲಸ. ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ, ಎಕರೆಗೆ ವರ್ಷಕ್ಕೆ ಒಂದು ರೂಪಾಯಿ! ಬೆಳೆದ ಮರದಲ್ಲಿ ಶೇಕಡಾ 87.5 ಭಾಗ ನೇರವಾಗಿ ಕಾರ್ಖಾನೆಗೆ, ಉಳಿದ 12.5 ಭಾಗವನ್ನೂ ಕೊಳ್ಳುವ ಆಯ್ಕೆ ಅದಕ್ಕೇ.

ಆ ಭೂಮಿ ಯಾವುದು? ಕಂದಾಯ ದಾಖಲೆಗಳಲ್ಲಿ 'ಸಿ ಮತ್ತು ಡಿ' ವರ್ಗದ್ದೆಂದು ಬರೆದಿದ್ದ ನೆಲ. ದಾಖಲೆಯ ಭಾಷೆಯಲ್ಲಿ ಬಂಜರು, ಪಾಳು. ಆದರೆ ಊರಿನ ಭಾಷೆಯಲ್ಲಿ ಅದು ದನ ಮೇಯುವ ಜಾಗ, ಒಲೆಗೆ ಪುಳ್ಳೆ ಆಯುವ ಜಾಗ, ಮನೆಗೆ ಹೊದಿಸಲು ಹುಲ್ಲು ತರುವ ಜಾಗ, ಹೊಲದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಜಾಗ. ಸ್ವಂತ ಹೊಲವಿದ್ದವನಿಗೆ ಬದುವಿನಲ್ಲಾದರೂ ಒಂದಿಷ್ಟು ಮೇವು ಸಿಕ್ಕೀತು. ಹೊಲವೇ ಇಲ್ಲದ ಕೂಲಿಕಾರನ ಮನೆಯ ಆಡಿಗೆ, ಎಮ್ಮೆಗೆ ಆ ಪಾಳುನೆಲವೇ ಆಸ್ತಿ. ಪಾಳು ಎಂದು ಬರೆದ ಗುಮಾಸ್ತ ಎಂದಾದರೂ ಒಂದು ಸಂಜೆ ಅಲ್ಲಿ ನಿಂತು, ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಮರಳುವ ಹೆಣ್ಣುಮಕ್ಕಳನ್ನು ನೋಡಿದ್ದರೆ ಆ ಪದವನ್ನು ಬರೆಯುತ್ತಿದ್ದನೋ ಇಲ್ಲವೋ.

ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಇಂಥ ಸುಮಾರು 400 ಹೆಕ್ಟೇರ್ ನೆಲ ಸಂಸ್ಥೆಯ ವಶಕ್ಕೆ ಹೋಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಅದರ ಮುಂದಾಳು ಎಸ್. ಆರ್. ಹಿರೇಮಠ ಅವರು ಈ ಅನ್ಯಾಯವನ್ನು ಎತ್ತಿಕೊಂಡರು. 1986ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ನಮ್ಮ ಶಿವರಾಮ ಕಾರಂತರೂ ಒಬ್ಬರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆದರೂ ಅದಾಗಲೇ ಕೈತಪ್ಪಿದ ನೆಲದಲ್ಲಿ ನೀಲಗಿರಿ ನಿಂತೇ ಇತ್ತು.

ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 1987ರ ನವೆಂಬರ್ 14ರಂದು, ಸುಮಾರು 2000 ಮಂದಿ ಕುಸನೂರಿನಲ್ಲಿ ಸೇರಿದರು. ಅವರು ಯಾರಿಗೂ ಕಲ್ಲೆಸೆಯಲಿಲ್ಲ, ಯಾವುದಕ್ಕೂ ಬೆಂಕಿಯಿಡಲಿಲ್ಲ. ಸುಮಾರು 100 ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹಣ್ಣಿಗೂ ಮೇವಿಗೂ ಆಗುವ ಸಸಿಗಳನ್ನು ನೆಟ್ಟರು. ಅವುಗಳಿಗೆ ನೀರೆರೆದು ಕಾಪಾಡುತ್ತೇವೆಂದು ಪ್ರತಿಜ್ಞೆ ಮಾಡಿ ಮನೆಗೆ ಮರಳಿದರು. ಈ ಸತ್ಯಾಗ್ರಹಕ್ಕೆ 'ಕಿತ್ತಿಕೋ-ಹಚ್ಚಿಕೋ' ಎಂದು ಹೆಸರು. ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ಗಿಡ ಹಚ್ಚುವುದೆಂದರೆ ನೆಡುವುದು; ದೀಪ ಹಚ್ಚುವುದೂ ಅದೇ ಪದ. ನಾಲ್ಕು ವರ್ಷ ಹಿಂದೆ, 1983ರಲ್ಲಿ, ಶಿರಸಿಯ ಬಳಿಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು 'ಅಪ್ಪಿಕೋ' ಎಂದಿದ್ದರು. ಘಟ್ಟದ ಮೇಲೆ ಮರವನ್ನು ಅಪ್ಪಿದ ಜನ, ಬಯಲಿನಲ್ಲಿ ಮರವನ್ನು ಕಿತ್ತರು. ಎರಡೂ ಒಂದೇ ಕಾಳಜಿಯಿಂದ ಹುಟ್ಟಿದ್ದು ಎಂಬುದನ್ನು ಅರಿತವರಿಗೆ ಇಲ್ಲಿ ವಿರೋಧಾಭಾಸ ಕಾಣದು. 1991ರಲ್ಲಿ ಸರ್ಕಾರ ಆ ಜಂಟಿ ಸಂಸ್ಥೆಯನ್ನೇ ಮುಚ್ಚಲು ನಿರ್ಧರಿಸಿತು.

ಇಷ್ಟು ಹಳೆಯ ಕಥೆಯನ್ನು ಈಗೇಕೆ ಹೇಳಬೇಕು? ಕಾರಣವಿದೆ. ಆ ವರ್ಷಗಳಲ್ಲೇ ಕರ್ನಾಟಕದಲ್ಲಿ ವಿಶ್ವಬ್ಯಾಂಕ್ ಹಾಗೂ ಬ್ರಿಟಿಷ್ ಸರ್ಕಾರದ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ನಡೆಯುತ್ತಿತ್ತು. ಉದ್ದೇಶ ಉದಾತ್ತವಾದದ್ದೇ: ಹಳ್ಳಿಯ ಬಡವರಿಗೆ ಸೌದೆ, ಮೇವು. ಆದರೆ ಬಹುಪಾಲು ಬೆಳೆದದ್ದು ನೀಲಗಿರಿ. ಅದರ ಎಲೆಯನ್ನು ದನ ಮೂಸಿಯೂ ನೋಡದು. ಮರ ಹೋದದ್ದು ತಿರುಳಿನ ಕಾರ್ಖಾನೆಗಳಿಗೆ. ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳೂ ನೀಲಗಿರಿಯ ತೋಪುಗಳಾದವು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಸಸಿಮಡಿಗಳಿಗೇ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಕೊನೆಗೆ 2017ರಲ್ಲಿ, ಅಂತರ್ಜಲ ಬತ್ತಿದ ಮೇಲೆ, ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು. ದೂರದ ರಾಜಧಾನಿಯಲ್ಲಿ ಕುಳಿತು ಒಳ್ಳೆಯ ಮನಸ್ಸಿನಿಂದಲೇ ಹಾಕಿದ ಲೆಕ್ಕ, ನಮ್ಮ ಹಳ್ಳಿಯ ಬಾವಿಯ ಬಳಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಪರದೇಶದ ಮರವೆಂಬ ಕಾರಣಕ್ಕೆ ನೀಲಗಿರಿಯನ್ನು ದೂಷಿಸುತ್ತಿದ್ದೇನೆಂದು ವಾಚಕರು ಭಾವಿಸಬಾರದು. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ನಿಂತಿರುವ ಮೂರು ಬೃಹದ್ವೃಕ್ಷಗಳು ಆಫ್ರಿಕಾದಿಂದ ಬಂದವು. ಬಾವೋಬಾಬ್ ಎಂದು ಅವುಗಳ ಹೆಸರು. ಜನ ಅವಕ್ಕೆ ದೊಡ್ಡ ಹುಣಸೆ ಎಂದು ಹೆಸರಿಟ್ಟು, ಮಠದ ಮಡಿಲಲ್ಲಿ ಸಾಕಿ, ನಮ್ಮವನ್ನಾಗಿ ಮಾಡಿಕೊಂಡಿದ್ದಾರೆ. ಯಾರ ಮೇವನ್ನೂ ಕಸಿಯದೆ ಮೂರೇ ಮೂರು ಮರಗಳು ಬಂದವು, ನಿಂತವು. ಸಾವಿರಾರು ಎಕರೆಯಲ್ಲಿ ಒಂದೇ ಜಾತಿಯ ಮರ ಬೇಲಿಯೊಳಗೆ ನಿಲ್ಲುವುದು ಬೇರೆ ವಿಷಯ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ಆ ಕಾಡಿನ ಬಹುಭಾಗದಲ್ಲಿ ನೀಲಗಿರಿ ತುಂಬಿತು. ಕೃಷ್ಣಮೃಗವಾದರೋ ಬಯಲುಹುಲ್ಲಿನ ಪ್ರಾಣಿ. ಓಡಲು ಬಯಲು ಬೇಕು, ಮೇಯಲು ಹುಲ್ಲು ಬೇಕು. ಅಲ್ಲೇ ಒಂದು ಕಾಲದಲ್ಲಿ ಕಾಣಿಸುತ್ತಿದ್ದ ಎರ್ಲಡ್ಡು ಹಕ್ಕಿ ಈಗ ಹೆಸರಿಗಷ್ಟೇ ಉಳಿದಿದೆ.

ಈಗ ಜಗತ್ತಿನ ಕಡೆಗೆ ತಿರುಗೋಣ. 1992ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದಲ್ಲಿ ರಾಷ್ಟ್ರಗಳು ಸೇರಿ ಹವಾಮಾನದ ಬಗ್ಗೆ ಒಂದು ಒಡಂಬಡಿಕೆಗೆ ಸಹಿ ಹಾಕಿದವು. 1997ರಲ್ಲಿ ಜಪಾನಿನ ಕ್ಯೋಟೋದಲ್ಲಿ, ಶ್ರೀಮಂತ ದೇಶಗಳು ತಮ್ಮ ಹೊಗೆಯನ್ನು ಇಷ್ಟಿಷ್ಟು ಇಳಿಸಬೇಕೆಂದು ನಿಗದಿಯಾಯಿತು. ಅದರಲ್ಲೊಂದು ಹೊಸ ಏರ್ಪಾಟು ಸೇರಿತು. ತನ್ನ ಕಾರ್ಖಾನೆಯ ಹೊಗೆಯನ್ನು ಇಳಿಸಲು ಕಷ್ಟವಾದ ದೇಶ, ಬಡ ದೇಶವೊಂದರಲ್ಲಿ ಅಷ್ಟೇ ಹೊಗೆಯನ್ನು ತಪ್ಪಿಸುವ ಇಲ್ಲವೆ ಹೀರುವ ಯೋಜನೆಯಿಂದ ಪ್ರಮಾಣಪತ್ರ ಕೊಂಡು, ಅದನ್ನು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬಹುದು. ಇದೇ ಕಾರ್ಬನ್ ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈ ಆಕ್ಸೈಡ್. ನಮ್ಮ ರಾಜ್ಯದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಲ್ಲಿ ಹಲವು ಈ ಮಾರ್ಗವಾಗಿ ಕ್ರೆಡಿಟ್ ಗಳಿಸಿದವು. 2001ರ ಹೊತ್ತಿಗೆ ಗಿಡ ನೆಡುವುದಕ್ಕೂ ಇದರಲ್ಲಿ ಅವಕಾಶ ದೊರೆಯಿತು. ಬ್ರೆಜಿಲ್ಲಿನ ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ ಪ್ಲಾಂಟಾರ್ ಎಂಬ ಕಂಪನಿಯ ನೀಲಗಿರಿ ತೋಪುಗಳಿಗೆ ವಿಶ್ವಬ್ಯಾಂಕಿನ ಕಾರ್ಬನ್ ನಿಧಿಯ ಬೆಂಬಲ ಸಿಕ್ಕಿತು. ಅಲ್ಲಿನ ಹಳ್ಳಿಗರೂ, ಅವರ ಜತೆಗಿದ್ದ ಸಂಘಟನೆಗಳೂ ಅದನ್ನು ಪ್ರತಿಭಟಿಸಿದರು. ಸಾಗರದಾಚೆಯ ಆ ಜನರಿಗೆ ಕುಸನೂರಿನ ಹೆಸರು ತಿಳಿದಿರಲಾರದು. ಮರ ಮಾತ್ರ ಅದೇ!

2015ರ ಪ್ಯಾರಿಸ್ ಒಪ್ಪಂದದಲ್ಲಿ ಭಾರತವೂ ಒಂದು ಮಾತು ಕೊಟ್ಟಿತು. 2030ರೊಳಗೆ ಹೆಚ್ಚುವರಿ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ಹೀರಿಸುತ್ತೇವೆ ಎಂಬುದೇ ಆ ಮಾತು. ಮಾತು ದೊಡ್ಡದು, ಅದನ್ನು ಅಳೆಯುವ ಕೋಲು ಮಾತ್ರ ಸಣ್ಣದು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ಭಾಗ ಮರದ ನೆರಳಿರುವ ಯಾವ ನೆಲವೂ ಕಾಡೇ. ಮರ ಯಾವುದು, ಒಡೆಯ ಯಾರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ನೀಲಗಿರಿ ತೋಪೂ ಕಾಡು, ತೆಂಗಿನ ತೋಟವೂ ಕಾಡು. ಆದರೆ ನೂರಾರು ದನ ಮೇಯುವ, ಕೃಷ್ಣಮೃಗ ಓಡಾಡುವ ಹುಲ್ಲುಗಾವಲು ಕಾಡಲ್ಲ. ಅದು ಇಂದಿಗೂ 'ಪಾಳು'. 2023ರಲ್ಲಿ ಕೇಂದ್ರ ಸರ್ಕಾರ ಹಸಿರು ಕ್ರೆಡಿಟ್ ಯೋಜನೆಯನ್ನು ತಂದು, 2024ರ ಮೊದಲ ನಿಯಮದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ, ಗಿಡಕ್ಕೊಂದು ಕ್ರೆಡಿಟ್ ಎಂದಿತು. ಟೀಕೆಗಳ ಬಳಿಕ 2025ರಲ್ಲಿ ನಿಯಮಗಳನ್ನು ತಿದ್ದಲಾಯಿತೆಂಬುದನ್ನೂ ಹೇಳಬೇಕು. ಆದರೂ ನೆಲವನ್ನು ನೋಡುವ ಕಣ್ಣು ಬದಲಾಗಿಲ್ಲ. ಖಾಲಿ ಕಂಡ ಜಾಗದಲ್ಲಿ ಗಿಡ ತುಂಬು. ಹೊಗೆಯ ಲೆಕ್ಕ ಸರಿಹೋಗುತ್ತದೆ.

ಈ ಲೆಕ್ಕಾಚಾರವನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಪವಿತ್ರ ಗ್ರಂಥದ ನಾಬೋತ. ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯವನ್ನು ಮನೆಯಲ್ಲಿ ಮತ್ತೊಮ್ಮೆ ತೆರೆದು ಓದಿರಿ. ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷಿತೋಟದ ಮೇಲೆ ಅರಸ ಅಹಾಬನ ಕಣ್ಣು ಬಿತ್ತು. ನಾವು ಸಾಮಾನ್ಯವಾಗಿ ನೆನಪಿಡುವುದು ಈಜೆಬೆಲಳ ಕುತಂತ್ರವನ್ನು, ಸುಳ್ಳುಸಾಕ್ಷಿಯನ್ನು, ಕಲ್ಲೇಟನ್ನು. ಆದರೆ ಅಹಾಬ ಮೊದಲು ಬಲಾತ್ಕಾರ ಮಾಡಲಿಲ್ಲ. ಅವನು ನ್ಯಾಯವಾಗಿಯೇ ಕೇಳಿದ. ಇದಕ್ಕಿಂತ ಒಳ್ಳೆಯ ತೋಟವನ್ನು ಬೇರೆಡೆ ಕೊಡುತ್ತೇನೆ, ಬೇಡವಾದರೆ ಬೆಲೆ ತೆಗೆದುಕೋ ಎಂದ. ಇಂದಿನ ಪರಿಭಾಷೆಯಲ್ಲಿ ಇದು ಪರಿಹಾರಾತ್ಮಕ ಯೋಜನೆ! ಇಲ್ಲಿ ಕಡಿದದ್ದಕ್ಕೆ ಅಲ್ಲಿ ನೆಡುತ್ತೇವೆ. ಇಲ್ಲಿ ಹೊಗೆ ಬಿಟ್ಟದ್ದಕ್ಕೆ ಅಲ್ಲಿ ಹೀರಿಸುತ್ತೇವೆ. ಅಹಾಬನ ಮಟ್ಟಿಗೆ ಒಂದು ತೋಟಕ್ಕೆ ಇನ್ನೊಂದು ತೋಟ ಸಮ. ನಾಬೋತನಿಗೆ ಅದು ತಾತಮುತ್ತಾತಂದಿರ ಬಾಧ್ಯತೆ. ಮಾರುವ ಹಕ್ಕು ತನಗೇ ಇಲ್ಲವೆಂದು ಅವನು ತಿಳಿದಿದ್ದ. ಭೂಮಿ ದೇವರದು, ನಾವು ಅದರಲ್ಲಿ ಬಿಡಾರ ಹೂಡಿದವರು ಮಾತ್ರ ಎಂಬ ಯಾಜಕಕಾಂಡದ ಕಟ್ಟಳೆ ಅವನ ಬೆನ್ನಿಗಿತ್ತು. ಅರಸನಿಗೆ ಬೇಕಾಗಿದ್ದುದೂ ಏನು? ಕಾಯಿಪಲ್ಯದ ತೋಟ. ಅದನ್ನೂ ಹಸಿರು ಎಂದೇ ಕರೆಯಬೇಕು.

ಈ ವಿಷಯದಲ್ಲಿ ಧರ್ಮಸಭೆ ಮೌನವಾಗಿಲ್ಲ. ಸಂತ ಎರಡನೇ ಜಾನ್ ಪೌಲರು 1990ರ ಜನವರಿ 1ರ ವಿಶ್ವಶಾಂತಿ ದಿನದ ಸಂದೇಶವನ್ನು ಪೂರ್ಣವಾಗಿ ಸೃಷ್ಟಿಯ ರಕ್ಷಣೆಗೇ ಮೀಸಲಿಟ್ಟರು. ಜಗದ್ಗುರು ಫ್ರಾನ್ಸಿಸರ 2015ರ ವಿಶ್ವಪರಿಪತ್ರ 'ಲಾವುದಾತೊ ಸೀ' ಇನ್ನೂ ನೇರವಾಗಿ ಮಾತನಾಡಿತು. ಕಾರ್ಬನ್ ಕ್ರೆಡಿಟ್‌ಗಳ ಕೊಳ್ಳುವಿಕೆ-ಮಾರುವಿಕೆ ಹೊಸ ಬಗೆಯ ಸಟ್ಟಾ ವ್ಯಾಪಾರಕ್ಕೆ ದಾರಿಯಾಗಬಹುದು, ಹೆಚ್ಚು ಬಳಸುವ ದೇಶಗಳು ತಮ್ಮ ದುಂದನ್ನು ಮುಂದುವರಿಸಲು ಅದೊಂದು ನೆಪವಾಗಬಹುದು ಎಂದು ಅದರ 171ನೆಯ ಪರಿಚ್ಛೇದ ಎಚ್ಚರಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಅವರು ದೈವಾಧೀನರಾದರು. ಅದೇ ವರ್ಷ ಜುಲೈ 1ರಂದು ಆಫ್ರಿಕಾ, ಲ್ಯಾಟಿನ್ ಅಮೆರಿಕಾ ಹಾಗೂ ಏಷ್ಯಾದ ಧರ್ಮಾಧ್ಯಕ್ಷರ ಮಂಡಳಿಗಳು ಒಂದಾಗಿ, ಹವಾಮಾನ ನ್ಯಾಯವನ್ನು ಕೋರುವ ಪತ್ರವೊಂದನ್ನು ಜಗದ್ಗುರು ಹದಿನಾಲ್ಕನೇ ಲಿಯೋ ಅವರಿಗೆ ಅರ್ಪಿಸಿದವು. ಸುಳ್ಳು ಪರಿಹಾರಗಳನ್ನು ಅದು ತಿರಸ್ಕರಿಸುತ್ತದೆ. ಏಷ್ಯಾದ ಪರವಾಗಿ ನಿಂತವರು ನಮ್ಮ ನೆರೆಯ ಗೋವೆಯ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಫಿಲಿಪ್ ನೇರಿ ಫೆರ‍್ರಾವ್ ಅವರು. ಆ ವರ್ಷದ ನವೆಂಬರಿನಲ್ಲಿ ಬ್ರೆಜಿಲ್ಲಿನ ಬೆಲೆಮ್ ನಗರದಲ್ಲಿ ನಡೆಯಲಿದ್ದ ಶೃಂಗಸಭೆಯನ್ನು ಉದ್ದೇಶಿಸಿ ಬರೆದ ಪತ್ರವದು.

ಹಾಗಾದರೆ ಹವಾಮಾನದ ಒಪ್ಪಂದಗಳೇ ಬೇಡವೇ? ಬೇಡವೆನ್ನಲು ನಮಗೆ ಬಾಯಿಯಿಲ್ಲ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಹೊಲಗಳನ್ನು ನುಂಗಿದ್ದನ್ನು ಹಾನಗಲ್, ಸವಣೂರು ಭಾಗದ ಜನ ಕಂಡಿದ್ದಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಗೋವಿನಜೋಳ, ಹತ್ತಿ, ಮೆಣಸಿನಕಾಯಿಗಳನ್ನು ಮಳೆಯ ಭರವಸೆಯಲ್ಲಿ ಬಿತ್ತುವ ನಮಗೆ ಕೆಡುತ್ತಿರುವ ಋತುಮಾನ ಪುಸ್ತಕದ ವಿಷಯವಲ್ಲ. ಅಮೆರಿಕಾದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್ ಬಂದರೆ, ಭಾರತೀಯನ ಪಾಲಿಗೆ ಸುಮಾರು 2 ಟನ್. ಕಟ್ಟಿಗೆ ಒಲೆಯ ಮನೆಯವರ ಪಾಲು ಅದಕ್ಕೂ ಕಡಿಮೆ. ಹೊಗೆ ಇಳಿಯಲೇಬೇಕು. ಬಿಟ್ಟವರೇ ಇಳಿಸಬೇಕು ಎಂಬುದಷ್ಟೇ ನಮ್ಮ ವಾದ.

ಒಳ್ಳೆಯದಾದ ಯೋಜನೆಗಳಲ್ಲೂ ನೋಡಬೇಕಾದ ಒಂದು ಅಂಶವಿದೆ. ಪಾವಗಡದ ಸೌರ ವಿದ್ಯುತ್ ಉದ್ಯಾನ 13,000 ಎಕರೆಯಲ್ಲಿ ಹಬ್ಬಿದೆ. 2,050 ಮೆಗಾವ್ಯಾಟ್ ಅದರ ಸಾಮರ್ಥ್ಯ. ಅಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎಕರೆಗೆ ಒಂದು ರೂಪಾಯಿಯ ಆ ಹಳೆಯ ಗುತ್ತಿಗೆಯ ಮುಂದೆ ಇದು ಎಷ್ಟೋ ಮೇಲು. ಬರಪೀಡಿತ ಊರಿನ ಹೊಲದೊಡೆಯರಿಗೆ ಅದು ನಿಶ್ಚಿತ ವರಮಾನ. ಆದರೆ ಹೊಲವಿಲ್ಲದವನಿಗೆ ಗುತ್ತಿಗೆಯ ಹಣವೂ ಇಲ್ಲ, ಕಳೆ ಕೀಳುವ ಕೂಲಿಯೂ ಇಲ್ಲ. ಕುರಿಗಾರನಿಗೆ ಬೇಲಿಯಾಚೆಯ ಹುಲ್ಲು ಇಲ್ಲ. ನಮ್ಮ ಸಮುದಾಯದಲ್ಲಿ ಭೂಹೀನರು ಕಡಿಮೆಯೇನೂ ಇಲ್ಲವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕೃಷಿಭೂಮಿಯಲ್ಲಿ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಒಂದು ಚೌಕಟ್ಟನ್ನು ಪ್ರಕಟಿಸಿದೆ. ಬದುವಿನಲ್ಲಿ ಮರ ಬೆಳೆಸಿದರೆ ಕ್ರೆಡಿಟ್‌ನ ಹಣ ಕೊಡುತ್ತೇವೆಂದು ನಾಳೆ ಹತ್ತಿಮತ್ತೂರಿನ ರೈತನ ಮನೆ ಬಾಗಿಲಿಗೂ ಯಾರಾದರೂ ಬಂದಾರು. ಬಂದವರೆಲ್ಲ ಮೋಸಗಾರರಲ್ಲ. ಆದರೆ ಕರಾರುಪತ್ರ ಕನ್ನಡದಲ್ಲಿದೆಯೇ, ಅವಧಿ ಎಷ್ಟು ಎಂದು ಕೇಳಲೇಬೇಕು. ಮರದ ಇಂಗಾಲದ ಲೆಕ್ಕ ದೀರ್ಘಕಾಲದ್ದು. 20 ವರ್ಷ, 40 ವರ್ಷದ ಕರಾರುಗಳು ಅಪರೂಪವಲ್ಲ. ಮಗಳ ಮದುವೆಗೆ ಒಂದು ಮರ ಕಡಿಯುವ ಹಕ್ಕು ಉಳಿಯುತ್ತದೆಯೇ? ಬರಗಾಲದಲ್ಲಿ ಗಿಡ ಒಣಗಿದರೆ ನಷ್ಟ ಯಾರ ಮೇಲೆ? ಕ್ರೆಡಿಟ್ ಮಾರಿದ ಬೆಲೆಯಲ್ಲಿ ರೈತನ ಪಾಲೆಷ್ಟು, ಅದನ್ನು ಯಾವಾಗ ಕೊಡುತ್ತಾರೆ? ಉತ್ತರಗಳನ್ನು ಬರಹದಲ್ಲಿ ಪಡೆಯದೆ ಹೆಬ್ಬೆಟ್ಟು ಒತ್ತಬಾರದು.

ಸ್ವಂತ ಹೊಲಕ್ಕಿಂತಲೂ ಊರಿನ ಗೋಮಾಳದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅಲ್ಲಿ ಸಹಿ ಕೇಳಲು ಯಾರೂ ನಮ್ಮ ಮನೆಗೆ ಬರುವುದಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್‌ನಂತೆ ಗೋಮಾಳ ಇರಬೇಕು. ಊರಿನ ಸಾಮೂಹಿಕ ಭೂಮಿಯನ್ನು ಅತಿಕ್ರಮಣದಿಂದ ಬಿಡಿಸಿ ಊರಿಗೇ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಆದರೆ ನಮ್ಮೂರಿನ ಗೋಮಾಳದ ಸರ್ವೆ ನಂಬರ್ ಎಷ್ಟು, ವಿಸ್ತೀರ್ಣವೆಷ್ಟು, ಅದರಲ್ಲಿ ಎಷ್ಟು ಉಳಿದಿದೆ ಎಂದು ಬಲಿಪೂಜೆಯ ನಂತರ ಅಂಗಳದಲ್ಲಿ ನಿಂತ ಹತ್ತು ಮಂದಿಯನ್ನು ಕೇಳಿದರೆ ಎಷ್ಟು ಮಂದಿ ಹೇಳಬಲ್ಲರು? ತಹಸೀಲ್ದಾರರ ಕಚೇರಿಯಲ್ಲಿ ಆ ಕಾಗದ ಸಿಗುತ್ತದೆ. ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ, ಹೆಣ್ಣುಮಕ್ಕಳಿಗಂತೂ ಆ ನೆಲದ ಸಂಗತಿ ಗಂಡಸರಿಗಿಂತ ಚೆನ್ನಾಗಿ ಗೊತ್ತು. ಕಿರುಸಮುದಾಯದ ಕೂಟಗಳಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಎತ್ತಿಡಬಾರದೇಕೆ?

ಬರುವ ಜೂನ್ ತಿಂಗಳಲ್ಲಿ ಅಂಗಳದ ಸಮಾರಂಭವೂ ನಡೆಯಲಿ. ಅರಣ್ಯ ಇಲಾಖೆಯ ಸಸಿಮಡಿಗೆ ಸಸಿ ತರಲು ಹೋಗುವ ಯುವಕರು, ವಾಹನ ಹೊರಡುವ ಮುನ್ನ ಊರಿನ ನಾಲ್ಕು ಮನೆಗಳ ತಾಯಂದಿರನ್ನು ಯಾವ ಗಿಡ ಬೇಕೆಂದು ಕೇಳಿಕೊಂಡು ಹೋಗಲಿ. ಹುಣಸೆಯೋ, ಹೊಂಗೆಯೋ, ಬೇವೋ, ಜಾಲಿಯೋ ಅವರೇ ಹೇಳುತ್ತಾರೆ. ಬೇಸಗೆಯಲ್ಲಿ ನೀರೆರೆಯುವ ಸರದಿಯನ್ನೂ ಅಂದೇ ಬರೆದಿಟ್ಟುಕೊಳ್ಳಬಹುದು. ಕುಸನೂರಿನವರು ಅಂದು ಪ್ರತಿಜ್ಞೆ ಮಾಡಿದ್ದು ಅದಕ್ಕೇ.